ಕುಪವಾಡದ ನಾಲ್ಕು ಮನೆಮಾತು

ಮಿರಜ ತಾಲೂಕಿನ ಪೂರ್ವದ ಅಂಚಿನಲ್ಲಿ ಲಿಂಗನೂರು, ಆರಗ, ಬೇಡಗ, ಸಲಗರೆ ಎಂದು ಊರುಗಳ ಒಂದು ಸಾಲೇ ಇದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ. ಹೊಲದ ಬದು ಹಿಡಿದು ದಕ್ಷಿಣಕ್ಕೆ ಹೊರಟರೆ ಹೆಚ್ಚು ದೂರವಿಲ್ಲ, ಕರ್ನಾಟಕದ ಕಾಗವಾಡ, ಅಥಣಿ ಸೀಮೆ ಬಂದುಬಿಡುತ್ತದೆ. ಈ ಭಾಗದ ದ್ರಾಕ್ಷಿ ಬೆಳೆಗಾರನ ಮನೆಯಲ್ಲಿ ಬೆಳಿಗ್ಗೆ ಅವ್ವನ ಜೊತೆ ಆಡುವ ಮಾತು ಕನ್ನಡ. ಹೊಲದ ಸಾತಬಾರಾ ಉತಾರ (ಪಹಣಿ) ತರಲು ಗ್ರಾಮಲೆಕ್ಕಿಗ ತಲಾಠಿಯ ಹತ್ತಿರ ಹೋದಾಗ ಮರಾಠಿ. ಪಂಪ್‌ಸೆಟ್ ಬಿಚ್ಚಿಟ್ಟು ಕೂತ ಮೇಸ್ತ್ರಿಯ ಜೊತೆ ದಖನಿ ಉರ್ದು. ಬೇದಾಣೆ (ಒಣದ್ರಾಕ್ಷಿ) ಕೊಳ್ಳಲು ಉತ್ತರದಿಂದ ಬಂದ ವ್ಯಾಪಾರಿಯ ಜೊತೆ ಹಿಂದಿ. ಸಂಜೆ ಅಥಣಿಯ ಬೀಗರು ಫೋನ್ ಮಾಡಿದರೆ ಮತ್ತೆ ಕನ್ನಡ. ಇಷ್ಟು ಮಾತುಗಳ ನಡುವೆ ಓಡಾಡಿದ ಮೇಲೂ ತಾನು ಬಹುಭಾಷಿಕ ಎಂಬ ಯೋಚನೆ ಅವನಿಗೆ ಬಂದಿರುವುದಿಲ್ಲ. ಎದುರಿಗೆ ಯಾರಿದ್ದಾರೋ ಅವರ ಮಾತು ಆಡುವುದು ಈ ಸೀಮೆಯಲ್ಲಿ ನಡೆದುಕೊಂಡು ಬಂದ ರೀತಿ.

ಭಾಷೆ ಬೇರೆಯಾದರೆ ಮನಸ್ಸೂ ಬೇರೆಯಾಗುತ್ತದೆ, ಗಡಿ ಎಂದರೆ ಜಗಳ ಎಂಬ ಮಾತು ನಮಗೆ ಸುದ್ದಿಯಿಂದ ಅಭ್ಯಾಸವಾಗಿದೆ. ಬಸ್ಸಿಗೆ ಮಸಿ ಬಳಿದಾಗ, ನಾಮಫಲಕ ಕಿತ್ತಾಗ ಮಾತ್ರ ಗಡಿ ನೆನಪಾಗುತ್ತದೆ. ಉಳಿದ ದಿನಗಳಲ್ಲಿ ಇಲ್ಲಿ ನಡೆಯುವುದೇನು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ದೂರದಿಂದ ಬಂದ ಇಬ್ಬರು ವಿದ್ವಾಂಸರು ಇದೇ ಸಾಂಗಲಿ–ಮಿರಜಿನ ಮಗ್ಗುಲಿನ ಒಂದು ಹಳ್ಳಿಯಲ್ಲಿ ಕಂಡುಕೊಂಡ ಸಂಗತಿ ಭಾಷಾವಿಜ್ಞಾನದ ಚರಿತ್ರೆಯಲ್ಲಿ ಸೇರಿಹೋಗಿದೆ. ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿ ಭಾಷಾಸಂಪರ್ಕದ ಪಾಠ ನಡೆದರೂ ಆ ಹಳ್ಳಿಯ ಹೆಸರು ಬರುತ್ತದೆ. ಕನ್ನಡಿಗರಲ್ಲಿ ಮಾತ್ರ ಭಾಷಾಶಾಸ್ತ್ರ ಓದಿದವರನ್ನು ಬಿಟ್ಟರೆ ಹೆಚ್ಚಿನವರಿಗೆ ಅದು ಗೊತ್ತಿಲ್ಲ. ನನಗೆ ಇದು ಬೇಸರದ ವಿಷಯ. ಆ ಹಳ್ಳಿಯ ನಾಲ್ಕು ಮನೆಮಾತುಗಳಲ್ಲಿ ಕನ್ನಡವೂ ಒಂದು, ಅದೂ ಹೊಲ ಉಳ್ಳವರ ಮನೆಮಾತು.

ಹಳ್ಳಿಯ ಹೆಸರು ಕುಪವಾಡ. ಈಗ ಅದನ್ನು ಹಳ್ಳಿ ಎನ್ನುವಂತಿಲ್ಲ. 1998ರಲ್ಲಿ ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆ ಆದ ಮೇಲೆ ಅದು ನಗರದ ಒಂದು ಭಾಗ, ಕೈಗಾರಿಕಾ ವಸಾಹತಿನ ಊರು. 1960ರ ದಶಕದಲ್ಲಿ ಆ ಇಬ್ಬರು ವಿದ್ವಾಂಸರು, ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್, ಕಂಡ ಕುಪವಾಡ ಮೂರು ಸಾವಿರದಷ್ಟು ಜನರಿದ್ದ ಬೇಸಾಯದ ಊರು. ಜೈನರು ಜಮೀನುದಾರರು, ಅವರ ಮನೆಮಾತು ಕನ್ನಡ. ಕಸುಬುದಾರ ಲಿಂಗಾಯತರದೂ ಕನ್ನಡ. ಜಮೀನು ಇದ್ದ ಇನ್ನೊಂದು ಗುಂಪು ಮುಸ್ಲಿಮರು, ಅವರದು ಉರ್ದು. ದಲಿತರು ಮತ್ತು ಭೂಮಿಯಿಲ್ಲದ ಕೂಲಿಕಾರರು ಮನೆಯಲ್ಲಿ ಮರಾಠಿ ಆಡುತ್ತಿದ್ದರು. ಹಗ್ಗ ಹೊಸೆಯುವ ಕೆಲವೇ ಮನೆಗಳಲ್ಲಿ ತೆಲುಗು ಇತ್ತು. ಕನ್ನಡದವರೂ ಮರಾಠಿಯವರೂ ಶತಮಾನಗಳಿಂದ ಅಲ್ಲೇ ಇದ್ದವರು. ಉರ್ದುವಿನವರು ಅವರ ನಂತರ ಬಂದು, ಅವರೂ ಮೂರ್ನಾಲ್ಕು ಶತಮಾನ ಕಳೆದಿದ್ದರು. ಊರಿನ ಗಂಡಸರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎರಡು ಭಾಷೆಯಾದರೂ ಬರುತ್ತಿತ್ತು, ದಿನಕ್ಕೆ ಹತ್ತಾರು ಸಲ ಒಂದರಿಂದ ಒಂದಕ್ಕೆ ದಾಟುತ್ತಿದ್ದರು.

ಇಂಥ ಊರಿನಲ್ಲಿ ಇಷ್ಟು ಕಾಲವಾದ ಮೇಲೆ ಏನಾಗಿರಬೇಕಿತ್ತು? ಮಾತುಗಳೆಲ್ಲ ಕಲಸಿ ಒಂದು ಖಿಚಡಿ ಭಾಷೆ ಹುಟ್ಟಬೇಕಿತ್ತು, ಇಲ್ಲವೇ ಬಲವಾದದ್ದು ಉಳಿದು ಮಿಕ್ಕವು ಅಳಿಯಬೇಕಿತ್ತು. ಎರಡೂ ಆಗಿರಲಿಲ್ಲ. ಕನ್ನಡದ ಪದಗಳು ಕನ್ನಡದವೇ ಆಗಿದ್ದವು, ಮರಾಠಿಯವು ಮರಾಠಿಯವೇ, ಉರ್ದುವಿನವು ಉರ್ದುವಿನವೇ. ಬದಲಾಗಿದ್ದದ್ದು ಪದಗಳನ್ನು ಕಟ್ಟುವ ರೀತಿ. ಮೂರೂ ಭಾಷೆಗಳ ವಾಕ್ಯರಚನೆ ಹತ್ತಿರ ಹತ್ತಿರ ಬಂದು ಒಂದೇ ಅಚ್ಚಿನಲ್ಲಿ ಕೂತಿತ್ತು. 1971ರಲ್ಲಿ ಪ್ರಕಟವಾದ ಗಂಪರ್ಜ್ ಮತ್ತು ವಿಲ್ಸನ್ ಅವರ ಪ್ರಬಂಧದ ತಿರುಳು ಇಷ್ಟೇ: ಕುಪವಾಡದ ಕನ್ನಡ ವಾಕ್ಯವೊಂದನ್ನು ತೆಗೆದುಕೊಂಡು, ಪದದ ಜಾಗಕ್ಕೆ ಪದ, ಪ್ರತ್ಯಯದ ಜಾಗಕ್ಕೆ ಪ್ರತ್ಯಯ ಇಡುತ್ತ ಹೋದರೆ ಅದೇ ಊರಿನ ಮರಾಠಿ ಬರುತ್ತದೆ, ಅದೇ ಊರಿನ ಉರ್ದುವೂ ಬರುತ್ತದೆ. ಎಲ್ಲಿಯೂ ಹಿಂದುಮುಂದು ಮಾಡಬೇಕಿಲ್ಲ.

ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ವಿವರಿಸುವುದು ಸುಲಭ, ಅವರ ಕಿವಿಗೆ ಇದು ಹೊಸದಲ್ಲ. ಗ್ರಂಥದ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಮರಾಠಿಯವನಿಗೆ ಕೊನೆಯಲ್ಲಿ ‘ಆಹೆ’ ಬೇಕು, ಉರ್ದುವಿನವನಿಗೆ ‘ಹೈ’ ಬೇಕು. ಕುಪವಾಡದ ಕನ್ನಡ ‘ಇದ ನಮ್ದ ಮನಿ ಐತಿ’ ಎಂಬ ದಾರಿ ಹಿಡಿದಿತ್ತು. ಆ ‘ಐತಿ’ ನೆರೆಯವರ ‘ಆಹೆ’ಗೂ ‘ಹೈ’ಗೂ ಸರಿಯಾಗಿ ಕೂತಿದೆ. ‘ನಮ್ಮ ಮನೆ’ ಬೇರೆ, ‘ಮನೆ ನಮ್ಮದು’ ಬೇರೆ ಎಂಬ ಕನ್ನಡದ ಭೇದವೂ ಸವೆದು, ಎರಡೂ ಕಡೆ ‘ನಮ್ದ’ ಒಂದೇ ಆಗಿದೆ, ‘ಹಮಾರಾ’ ಎರಡೂ ಕಡೆ ಒಂದೇ ಆಗಿರುವ ಹಾಗೆ. ಇಲ್ಲಿ ಬಗ್ಗಿದ್ದು ಕನ್ನಡ.

ಇನ್ನು ಕನ್ನಡಕ್ಕೆ ಬೇರೆಯವು ಬಗ್ಗಿದ್ದನ್ನು ನೋಡಿ. ಪುಣೆಯ ಮರಾಠಿಯಲ್ಲಿ ನದಿ ಸ್ತ್ರೀಲಿಂಗ, ಹೊಳೆಗೆ ನೀರು ಬಂದರೆ ‘ನದಿ ಆಲಿ’ ಎನ್ನಬೇಕು. ನಮಗೆ ಜೀವವಿಲ್ಲದ್ದೆಲ್ಲ ನಪುಂಸಕ, ಗಂಡಸಿಗೆ ಪುಲ್ಲಿಂಗ, ಹೆಂಗಸಿಗೆ ಸ್ತ್ರೀಲಿಂಗ, ಅಲ್ಲಿಗೆ ಲೆಕ್ಕ ಮುಗಿಯಿತು. ಕುಪವಾಡದ ಮರಾಠಿ ಈ ಲೆಕ್ಕವನ್ನೇ ಒಪ್ಪಿಕೊಂಡಿತ್ತು. ಅಲ್ಲಿ ನದಿಯೂ ನಪುಂಸಕ. ದೆಹಲಿಯ ಉರ್ದುವಿನಲ್ಲಿ ‘ಮೈನೇ ರೋಟಿ ಖಾಯೀ’ ಎನ್ನುತ್ತಾರೆ. ರೊಟ್ಟಿ ಸ್ತ್ರೀಲಿಂಗ, ಹಾಗಾಗಿ ತಿಂದವನು ಗಂಡಸಾದರೂ ಕ್ರಿಯಾಪದ ರೊಟ್ಟಿಯ ಹಿಂದೆ ಹೋಗುತ್ತದೆ. ಹಿಂದಿ ಕಲಿತ ಪ್ರತಿಯೊಬ್ಬ ಕನ್ನಡಿಗನೂ ಈ ‘ನೇ’ ಹತ್ತಿರ ಎಡವಿದವನೇ. ಕುಪವಾಡದ ಮುಸ್ಲಿಮರು ಆ ತೊಡಕನ್ನು ಬದಿಗಿಟ್ಟಿದ್ದರು. ‘ಮೈ ರೋಟಿ ಖಾಯಾ’, ನಾ ರೊಟ್ಟಿ ತಿಂದೆ. ತಿಂದವನಿಗೆ ತಕ್ಕ ಕ್ರಿಯಾಪದ. ಪ್ರಶ್ನೆ ಕೇಳುವಾಗ ವಾಕ್ಯದ ತಲೆಗೆ ಬರಬೇಕಾದ ‘ಕ್ಯಾ’ ಬಾಲಕ್ಕೆ ಸರಿದಿತ್ತು: ‘ತುಮ್ ಬಜಾರ್ ಗಯೇ ಥೇ ಕ್ಯಾ?’ ನಮ್ಮ ‘ನೀ ಪ್ಯಾಟಿಗೆ ಹೋಗಿದ್ದೇನ?’ ಇದ್ದ ಹಾಗೆ.

ಈ ಉರ್ದು ಮರಾಠಿಯಿಂದಲೂ ಒಂದು ಒಳ್ಳೆಯ ವಸ್ತುವನ್ನು ಪಡೆದುಕೊಂಡಿತ್ತು. ಕೇಳುವವನನ್ನು ಹೊರಗಿಟ್ಟು ‘ನಾವು’ ಎನ್ನಲು ಮರಾಠಿಯಲ್ಲಿ ‘ಆಮ್ಹಿ’ ಇದೆ, ಅವನನ್ನೂ ಸೇರಿಸಿಕೊಂಡು ‘ನಾವು’ ಎನ್ನಲು ‘ಆಪಣ’ ಇದೆ. ಉತ್ತರದ ಉರ್ದುವಿಗೆ ಎರಡಕ್ಕೂ ‘ಹಮ್’ ಒಂದೇ. ಕುಪವಾಡದ ಉರ್ದು ‘ಹಮ್’ ಅನ್ನು ಮೊದಲನೆಯದಕ್ಕೆ ಉಳಿಸಿ, ಎರಡನೆಯದಕ್ಕೆ ‘ಅಪನ್’ ಇಟ್ಟುಕೊಂಡಿತು. ಇಷ್ಟೊಂದು ಜಾತಿ, ಇಷ್ಟೊಂದು ಮನೆಮಾತು ಇರುವ ಊರಿನಲ್ಲಿ ಯಾರನ್ನು ಸೇರಿಸಿ ಮಾತನಾಡುತ್ತಿದ್ದೇವೆ, ಯಾರನ್ನು ಬಿಟ್ಟು ಮಾತನಾಡುತ್ತಿದ್ದೇವೆ ಎಂಬುದು ದಿನವೂ ಎದುರಾಗುವ ಪ್ರಶ್ನೆ.

ಕೆಲವರು ಆಕ್ಷೇಪ ಎತ್ತಿದ್ದಾರೆ. ‘ನೇ’ ಬಿಡುವುದು, ‘ಅಪನ್’ ಎನ್ನುವುದು ಕುಪವಾಡದಲ್ಲೇ ಹುಟ್ಟಿದ್ದಲ್ಲ, ದಖನಿ ಉರ್ದುವಿನಲ್ಲಿ ವಿಜಯಪುರ, ಕಲಬುರಗಿ, ಹೈದರಾಬಾದಿನ ತನಕ ಹೀಗೇ ಇದೆ ಎಂದು. ಆಕ್ಷೇಪ ಸರಿಯಾಗಿದೆ. ಆದರೆ ಅದರಿಂದ ಸಂಗತಿ ಸಣ್ಣದಾಗುವುದಿಲ್ಲ, ದೊಡ್ಡದಾಗುತ್ತದೆ. ಮಿರಜು ಆದಿಲಶಾಹಿಯ ಆಳ್ವಿಕೆಯಲ್ಲಿದ್ದ ಊರು. ಕುಪವಾಡದ ಮೂರು ಸಾವಿರ ಜನ ಮಾಡಿದ್ದನ್ನು ದಖನ್ನಿನ ಸಂತೆ, ದಂಡು, ದರ್ಗಾಗಳೆಲ್ಲ ಸೇರಿ ಮಾಡುತ್ತಿದ್ದವು ಎಂದಾಗುತ್ತದೆ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಇನ್ನೊಂದು ಕಡೆ. ಕುಪವಾಡದಲ್ಲಿ ನಾಲ್ಕು ಭಾಷೆಯವರು ಸೇರಿದಾಗ ಯಾವ ಭಾಷೆ ಆಡುತ್ತಿದ್ದರು? ಜಮೀನು ಜೈನರದು, ಹಾಗಾಗಿ ಕನ್ನಡ ಎಂದು ನಾವು ಊಹಿಸುತ್ತೇವೆ. ಆಡುತ್ತಿದ್ದದ್ದು ಮರಾಠಿ. ಸುತ್ತಲಿನ ನಾಡಿನ ಭಾಷೆ, ಕಚೇರಿಯ ಭಾಷೆ ಅದು ಎಂಬುದು ಒಂದು ಕಾರಣ. ಗಂಪರ್ಜ್ ಮತ್ತು ವಿಲ್ಸನ್ ಇನ್ನೊಂದು ಕಾರಣ ಹೇಳುತ್ತಾರೆ. ಊರಿನಲ್ಲಿ ಮರಾಠಿ ಮನೆಮಾತಾಗಿದ್ದದ್ದು ದಲಿತರಿಗೆ, ಕೂಲಿಯವರಿಗೆ. ಜೈನ ಗೌಡರು ಉರ್ದು ಆಡಿದರೆ ಮುಸ್ಲಿಮರ ಮುಂದೆ ತಗ್ಗಿದಂತೆ, ಮುಸ್ಲಿಮರು ಕನ್ನಡ ಆಡಿದರೆ ಜೈನರ ಮುಂದೆ ತಗ್ಗಿದಂತೆ. ಪೈಪೋಟಿಯ ಎರಡು ಬಣಗಳಲ್ಲಿ ಯಾರದೂ ಅಲ್ಲದ ಮಾತನ್ನು ಆಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಊರು ಯಾರನ್ನು ಹೊರಗಿಟ್ಟಿತ್ತೋ ಅವರ ಮಾತೇ ಊರಿನ ನಡುಮನೆಯ ಮಾತಾಯಿತು, ಅವರು ಮಾತ್ರ ಹೊರಗೇ ಉಳಿದರು.

ಹಾಗಾಗಿ ಕುಪವಾಡವನ್ನು ಸೌಹಾರ್ದದ ಕಥೆ ಎಂದು ಸುಮ್ಮನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಹೊಲದಲ್ಲಿ ಜೊತೆಗೆ ದುಡಿಯಬೇಕು, ಚಾವಡಿಯಲ್ಲಿ ಜೊತೆಗೆ ಕೂರಬೇಕು, ಆದ್ದರಿಂದ ವ್ಯಾಕರಣ ಒಂದಾಯಿತು. ಮನೆಯೊಳಗೆ ಊಟ ಬೇರೆ, ನೆಂಟಸ್ತನ ಬೇರೆ, ಆದ್ದರಿಂದ ಪದಗಳು ಬೇರೆಯಾಗೇ ಉಳಿದವು. ನಾಲ್ಕು ಭಾಷೆ ಇಷ್ಟು ಕಾಲ ಬದುಕಿದ್ದಕ್ಕೆ ಜಾತಿಯ ಗೋಡೆಯೂ ಕಾರಣ. ಈ ಕಹಿಯನ್ನು ಬಿಟ್ಟು ಸಿಹಿಯನ್ನಷ್ಟೇ ಹೇಳಿದರೆ ಆ ಊರಿಗೆ ಅನ್ಯಾಯ ಮಾಡಿದಂತೆ. ಆದರೂ ಆ ಸಮಾಜದಲ್ಲಿ ಒಂದು ಗುಣವಿತ್ತು, ಅದನ್ನು ಅಲ್ಲಗಳೆಯಲಾರೆ. ಎದುರಿನವನಿಗೆ ಅರ್ಥವಾಗಬೇಕೆಂದು ಯಾರೂ ತನ್ನ ಮನೆಮಾತನ್ನು ಬಿಡಬೇಕಾಗಿರಲಿಲ್ಲ. ನಾಲ್ಕೂ ಭಾಷೆಗೆ ದಿನವೂ ಮಾಡಲು ಕೆಲಸವಿತ್ತು.

ಜಾನ್ ಗಂಪರ್ಜ್ ಯಾರೆಂಬುದನ್ನೂ ಹೇಳಬೇಕು. 1922ರಲ್ಲಿ ಜರ್ಮನಿಯ ಯೆಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, ಅಮೆರಿಕದ ಬರ್ಕ್ಲಿಯಲ್ಲಿ ನೆಲೆ ನಿಂತವರು. 2013ರಲ್ಲಿ ತೀರಿಕೊಂಡರು. ಕುಪವಾಡದ ನಂತರ ಅವರು ಇಂಗ್ಲೆಂಡಿನಲ್ಲಿ ಮಾಡಿದ ಒಂದು ಅಧ್ಯಯನ ಕುಪವಾಡಕ್ಕೆ ಸರಿಯಾಗಿ ಎದುರು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಕೆಲಸಗಾರರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನದಿಂದ ಬಂದ ಹೆಂಗಸರು ಬಡಿಸುವ ಕೆಲಸಕ್ಕೆ ಸೇರಿದ್ದರು. ಊಟಕ್ಕೆ ಬಂದವರಿಂದಲೂ ಮೇಲಿನವರಿಂದಲೂ ಒಂದೇ ದೂರು: ಇವರು ಒರಟರು, ಮುಖ ಕೊಟ್ಟು ಮಾತಾಡುವುದಿಲ್ಲ. ಗಂಪರ್ಜ್ ಬಡಿಸುವ ಹೊತ್ತಿನ ಮಾತುಗಳನ್ನು ಧ್ವನಿಮುದ್ರಿಸಿದರು. ಆಡಿದ್ದು ಒಂದೇ ಪದ, ‘ಗ್ರೇವಿ’. ಸ್ಥಳೀಯ ಹೆಂಗಸು ಅದನ್ನು ದನಿ ಏರಿಸಿ ಹೇಳುತ್ತಿದ್ದಳು, ಅದು ‘ಗ್ರೇವಿ ಹಾಕಲೇ?’ ಎಂದು ಕೇಳಿದಂತಾಗುತ್ತಿತ್ತು. ನಮ್ಮ ಕಡೆಯ ಹೆಂಗಸರು ದನಿ ಇಳಿಸಿ ಹೇಳುತ್ತಿದ್ದರು. ಅವರ ಮಟ್ಟಿಗೆ ಕೇಳುವ ರೀತಿಯೇ ಅದು. ಆಂಗ್ಲರ ಕಿವಿಗೆ ಅದು ‘ಇದು ಗ್ರೇವಿ, ಬೇಕಾದರೆ ತಗೋ’ ಎಂದಂತೆ. ಮುದ್ರಿತ ಮಾತನ್ನು ಎರಡೂ ಕಡೆಯವರಿಗೆ ಕೇಳಿಸಿದ ಮೇಲೆಯೇ ಕಗ್ಗಂಟು ಬಿಚ್ಚಿದ್ದು. ಹೀಥ್ರೂವಿನಲ್ಲಿ ಎಲ್ಲರೂ ಇಂಗ್ಲಿಷನ್ನೇ ಆಡುತ್ತಿದ್ದರೂ ಮನಸ್ಸು ಕೆಟ್ಟಿತು. ಕುಪವಾಡದಲ್ಲಿ ಪದಗಳೇ ಬೇರೆಯಿದ್ದರೂ ಕೆಲಸ ಕೆಡಲಿಲ್ಲ. ಜೊತೆಗೆ ಬಾಳಿದ ಶತಮಾನಗಳು ಲಂಡನ್ನಿನ ಆ ಹೆಂಗಸರಿಗೆ ಸಿಕ್ಕಿರಲಿಲ್ಲ.

ಇದಕ್ಕೆ ಲಂಡನ್ನಿನ ತನಕ ಹೋಗಬೇಕಾಗಿಯೂ ಇಲ್ಲ. ಅಥಣಿಯ ಹುಡುಗ ಬೆಂಗಳೂರಿನ ಕಚೇರಿಗೆ ಸೇರಿ ಹಿರಿಯರೊಬ್ಬರನ್ನು ‘ನೀವು ಯಾವಾಗ ಹೊಂಟೀರಿ?’ ಎಂದು ಅಕ್ಕರೆಯಿಂದ ಕೇಳಿದರೂ ಆ ದನಿಯ ಗಡಸು ಮೈಸೂರು ಕಡೆಯವರ ಕಿವಿಗೆ ಚುಚ್ಚುತ್ತದೆ. ಮನೆಯಲ್ಲಿ ಅವ್ವನಿಗೆ, ಅಜ್ಜಿಗೆ ‘ನೀ’ ಎನ್ನುವುದನ್ನು ಕೇಳಿದವರು ಈ ಕಡೆಯವರಿಗೆ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ ಎಂದುಕೊಳ್ಳುತ್ತಾರೆ. ಅತ್ತ ಬೆಂಗಳೂರಿನವರ ಮೆತ್ತನೆಯ ಮಾತು ಅಥಣಿಯವರಿಗೆ ಒಳಗೊಂದು ಹೊರಗೊಂದು ಇದ್ದಂತೆ ಕೇಳಿಸುತ್ತದೆ. ಸಾಂಗಲಿ, ಕೊಲ್ಹಾಪುರದವರು ಪುಣೆಗೆ ಹೋದಾಗಲೂ ಇದೇ ಪಾಡು. ಅಲ್ಲಿ ಅವರ ಮರಾಠಿಯನ್ನು ‘ರಾಂಗಡಾ’, ಅಂದರೆ ಒರಟು ಎನ್ನುತ್ತಾರೆ. ದನಿಯ ಮಟ್ಟಿಗೆ ಮಿರಜಿನ ಮರಾಠಿಗನಿಗೆ ಪುಣೆಯವರಿಗಿಂತ ಅಥಣಿಯ ಕನ್ನಡಿಗನೇ ಹತ್ತಿರ. ನೆಂಟಸ್ತನದ ಪದಗಳಲ್ಲೂ ಇದು ಕಾಣುತ್ತದೆ. ಮಿರಜಿನ ಮರಾಠಿ ಮನೆಯಲ್ಲಿ ಅಕ್ಕಾ, ಅಣ್ಣಾ, ಅಪ್ಪಾ ಓಡಾಡುತ್ತಾರೆ. ಅಥಣಿಯ ಕನ್ನಡ ಮನೆಯಲ್ಲಿ ಕಾಕಾ, ಮಾಮಾ, ವೈನಿ. ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿ ಇಬ್ಬರಲ್ಲೂ ಇದೆ, ಉತ್ತರ ಭಾರತದವರು ಅದನ್ನು ಕೇಳಿ ಬೆರಗಾಗುತ್ತಾರೆ.

ಸಾಂಗಲಿಯ ಮಣ್ಣಿನಲ್ಲಿ ಭಾಷೆಯ ಗಡಿ ದಾಟಿದ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾಟಕ. 1842ರಲ್ಲಿ ಹೊನ್ನಾವರ ಕಡೆಯ ಕರ್ಕಿಯ ಯಕ್ಷಗಾನ ಮೇಳ ಘಟ್ಟ ಹತ್ತಿ ಸಾಂಗಲಿಗೆ ಬಂತು. ಆಗ ಅಲ್ಲಿಯ ಸಂಸ್ಥಾನಿಕರು ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನ. ಸಾಂಗಲಿ ಸಂಸ್ಥಾನಕ್ಕೆ ತೇರದಾಳ, ಶಿರಹಟ್ಟಿ, ಶಹಾಪುರ ಮುಂತಾದ ಕನ್ನಡ ಸೀಮೆಗಳೂ ಸೇರಿದ್ದವು, ಆದ್ದರಿಂದ ದರಬಾರಿಗೆ ಕನ್ನಡ ಅಪರಿಚಿತವಲ್ಲ. ಆದರೂ ಆಟ ನೋಡಲು ಸೇರಿದ ಮರಾಠಿ ಜನಕ್ಕೆ ಭಾಗವತರ ಪದ್ಯ, ಅರ್ಥಗಾರಿಕೆ ಎಷ್ಟು ತಿಳಿದೀತು? ಕಂಡದ್ದು ವೇಷ, ಕುಣಿತ, ರಾಕ್ಷಸನ ಅಬ್ಬರ, ಮೊದಲು ಬರುವ ಗಣಪತಿಯ ಪೂಜೆ. ರಾಜರು ಆಟ ನೋಡಿ, ಇಂಥದ್ದು ನಮ್ಮ ಮಾತಿನಲ್ಲೂ ಆಗಬೇಕು ಎಂದು ಬಯಸಿ, ಆ ಕೆಲಸವನ್ನು ತಮ್ಮ ಆಶ್ರಯದಲ್ಲಿದ್ದ ತರುಣ ವಿಷ್ಣು ಅಮೃತ ಭಾವೆಗೆ ವಹಿಸಿದರು. ಮರುವರ್ಷ, 1843ರಲ್ಲಿ, ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ನವೆಂಬರ್ 5ನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ, ಸಾಂಗಲಿಯನ್ನು ನಾಟಕದ ತವರು ಎನ್ನುತ್ತಾರೆ.

ಭಾವೆ ಯಕ್ಷಗಾನವನ್ನು ಇದ್ದಹಾಗೆ ಎತ್ತಿಕೊಳ್ಳಲಿಲ್ಲ. ಭಾಗವತರ ಜಾಗದಲ್ಲಿ ಸೂತ್ರಧಾರನನ್ನು ಇಟ್ಟರು, ಪದ್ಯಗಳನ್ನು ತಾವೇ ಬರೆದರು, ಆಡುಮಾತನ್ನು ಯಕ್ಷಗಾನದಂತೆಯೇ ಪಾತ್ರಧಾರಿಗಳ ಆಶುನುಡಿಗೆ ಬಿಟ್ಟರು. ಗಣಪತಿ ಉಳಿದ, ವಿದೂಷಕ ಉಳಿದ, ರಾಕ್ಷಸರ ಆರ್ಭಟ ಉಳಿಯಿತು. ಪದಗಳೆಲ್ಲ ಮರಾಠಿ, ಕಟ್ಟಡ ಬಹುಪಾಲು ಕನ್ನಡದ್ದು. ಕುಪವಾಡದ ಹೊಲದಲ್ಲಿ ಶತಮಾನಗಳು ತೆಗೆದುಕೊಂಡ ಕೆಲಸ ಸಾಂಗಲಿಯ ದರಬಾರಿನಲ್ಲಿ ಒಂದು ವರ್ಷದೊಳಗೆ ನಡೆಯಿತು. ಮುಂದೆ ಮರಾಠಿ ನಾಟಕ ಮಂಡಳಿಗಳು ಹುಬ್ಬಳ್ಳಿ, ಧಾರವಾಡ, ಗದಗಕ್ಕೆ ಬಂದು ಜನರನ್ನು ಹುಚ್ಚು ಹಿಡಿಸಿದವು. ಅದನ್ನು ನೋಡಿ ಕನ್ನಡದಲ್ಲಿ ಆಡುವವರು ಇಲ್ಲವೇ ಎಂದು ನೊಂದವರು ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು. 1870ರ ದಶಕದಲ್ಲಿ ಗದಗಿನಲ್ಲಿ ಅವರು ಕಟ್ಟಿದ ಮಂಡಳಿ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಗೆ ದಾರಿ ತೆರೆಯಿತು. ಕರ್ಕಿಯಿಂದ ಸಾಂಗಲಿಗೆ ಹೋದದ್ದು ಗದಗಕ್ಕೆ ಬೇರೆ ರೂಪದಲ್ಲಿ ಮರಳಿತು. ನಡುವೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ಜೀವ ತುಂಬಿದರು. ಯಾರು ಯಾರಿಗೆ ಕೊಟ್ಟರು ಎಂಬ ಲೆಕ್ಕ ಇಲ್ಲಿ ಬಗೆಹರಿಯುವಂಥದ್ದಲ್ಲ, ಬಗೆಹರಿಸುವ ಅಗತ್ಯವೂ ನನಗೆ ಕಾಣುವುದಿಲ್ಲ.

ಸಂಗೀತದ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಎರಡೇ ವಾಕ್ಯ. ಉತ್ತರದ ಕೈರಾನಾದಲ್ಲಿ ಹುಟ್ಟಿದ ಉರ್ದು ಮನೆಮಾತಿನ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿ, ಕುಂದಗೋಳದ ಕನ್ನಡ ಹುಡುಗ ರಾಮಭಾವುಗೆ ವಿದ್ಯೆ ಕೊಟ್ಟರು, ಆ ಹುಡುಗ ಮರಾಠಿ ನಾಟಕದಲ್ಲಿ ಹಾಡಿ ಸವಾಯಿ ಗಂಧರ್ವರಾದರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಖಾನ್ ಸಾಹೇಬರ ಸಮಾಧಿ ಮಿರಜಿನ ಖ್ವಾಜಾ ಮೀರಾಸಾಹೇಬ ದರ್ಗಾದಲ್ಲಿದೆ, ಅಲ್ಲಿ ವರ್ಷವೂ ಸಂಗೀತೋತ್ಸವ ನಡೆಯುತ್ತದೆ.

ರಂಗ, ರಾಗಗಳು ಸಂಭ್ರಮದ ವಿಷಯ. ಮಾತು ತಿಳಿಯದಿದ್ದರೆ ಜೀವಕ್ಕೇ ತೊಂದರೆಯಾಗುವ ಜಾಗವೊಂದಿದೆ, ಅದು ಆಸ್ಪತ್ರೆ. ಕೆನಡಾದಲ್ಲಿ ಹುಟ್ಟಿದ ಮಿಷನರಿ ಶಸ್ತ್ರವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಈ ಊರು ಉತ್ತರ ಕರ್ನಾಟಕದ ಪಾಲಿಗೂ ದವಾಖಾನೆಯ ಊರು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಜಡ್ಡು ಕೈಮೀರಿದರೆ ‘ಮಿರಜಿಗೆ ಒಯ್ರಿ’ ಎನ್ನುವುದು ತಲೆಮಾರುಗಳಿಂದ ಬಂದ ರೂಢಿ. ಇಂದಿಗೂ ಮಿರಜಿನ ಯಾವುದಾದರೂ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಅರ್ಧ ಗಂಟೆ ಕೂತರೆ ಈ ನಾಡಿನ ಮಾತಿನ ವ್ಯವಹಾರವೆಲ್ಲ ಕಣ್ಣಿಗೆ ಬೀಳುತ್ತದೆ. ಇಳಕಲ್ ಸೀರೆಯುಟ್ಟ ಮುದುಕಿಯನ್ನು ಡಾಕ್ಟರರು ಮರಾಠಿಯಲ್ಲಿ ಕೇಳುತ್ತಾರೆ, ಎಲ್ಲಿ ನೋವು? ಅಜ್ಜಿ ಎದೆಯ ಮೇಲೆ ಅಂಗೈ ಇಟ್ಟು, ‘ಹಿಡದಂಗ ಆಗ್ತೈತ್ರಿ, ಸಿಡ್ಯಾಂಗಿಲ್ರಿ, ಭಾರ ಇಟ್ಟಂಗ ಆಗ್ತೈತಿ’ ಎನ್ನುತ್ತಾಳೆ. ಸಿಡಿಯುವ ನೋವು, ಹಿಡಿದ ನೋವು, ಭಾರದ ನೋವು ಒಂದೇ ಅಲ್ಲ. ಭಾರ ಎಂದರೆ ಹೃದಯದ ಕಡೆ ನೋಡಬೇಕು. ಅಲ್ಲಿ ಬಾಗಿಲ ಬಳಿ ಕೇಸ್‌ಪೇಪರ್ ಹಿಡಿದು ನಿಂತ ಸಿಸ್ಟರ್ ತಿರುಗಿ ನೋಡದೆಯೇ ಅದನ್ನು ಮರಾಠಿಯಲ್ಲಿ ಡಾಕ್ಟರರಿಗೆ ಮುಟ್ಟಿಸುತ್ತಾಳೆ, ಹಾಗೆಯೇ ಅಜ್ಜಿಯ ಕಡೆ ಬಗ್ಗಿ, ‘ಯವ್ವಾ, ಕೈಯಾಗೂ ಇಳೀತೈತೇನ?’ ಎಂದು ಡಾಕ್ಟರರು ಇನ್ನೂ ಕೇಳದ ಪ್ರಶ್ನೆಯನ್ನೂ ಕೇಳುತ್ತಾಳೆ.

ಆ ಸಿಸ್ಟರ್‌ಗೆ ದುಭಾಷಿ ಎಂಬ ಹುದ್ದೆ ಇಲ್ಲ, ಅದಕ್ಕೆ ಸಂಬಳವಿಲ್ಲ. ಗಡಿಯ ಹಳ್ಳಿಯಲ್ಲಿ ಹುಟ್ಟಿದ್ದರಿಂದ ಬಂದ ವಿದ್ಯೆ ಅದು. ದೊಡ್ಡ ಆಸ್ಪತ್ರೆಗಳೂ ಬ್ಯಾಂಕುಗಳೂ ಈ ವಿದ್ಯೆಯನ್ನು ಪುಕ್ಕಟೆಯಾಗಿ ಬಳಸುತ್ತ ಬಂದಿವೆ. ಅದು ಮುಂದಿನ ತಲೆಮಾರಿಗೂ ಇರುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರು ಇಂದಿನ ಕುಪವಾಡವನ್ನು ನೋಡಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನಿ ಸೋನಲ್ ಕುಲಕರ್ಣಿ–ಜೋಶಿ ನಾಲ್ಕು ದಶಕಗಳ ಮೇಲೆ ಆ ಊರಿನ ಮಾತನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಹಳೆಯ ಚಿತ್ರ ಹಾಗೇ ಉಳಿದಿಲ್ಲ ಎನ್ನುತ್ತದೆ. ತಕ್ಕಡಿ ಮರಾಠಿಯ ಕಡೆ ವಾಲಿದೆ. ಇದರಲ್ಲಿ ಆಶ್ಚರ್ಯವೇನಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ, ವಿಜಯಪುರ ಮೈಸೂರು ರಾಜ್ಯಕ್ಕೆ ಬಂದವು, ಸಾಂಗಲಿ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಅದಾದ ಮೇಲೆ ಕುಪವಾಡದ ಮರಾಠಿ ಯಾರದೂ ಅಲ್ಲದ ನಡುವಿನ ಮಾತಾಗಿ ಉಳಿಯಲು ಸಾಧ್ಯವಿರಲಿಲ್ಲ. ಅದು ಶಾಲೆಯ ಮಾತು, ನೌಕರಿಯ ಮಾತು, ಸರಕಾರದ ಮಾತು. ನಮ್ಮ ಕಡೆ ಬೆಳಗಾವಿ, ನಿಪ್ಪಾಣಿಯ ಹಳ್ಳಿಗಳಲ್ಲಿ ಕನ್ನಡಕ್ಕೂ ಇದೇ ಸ್ಥಾನ ಬಂತು. ಭಾಷಾವಾರು ಪ್ರಾಂತ್ಯಕ್ಕಾಗಿ ಹೋರಾಡಿದ ಹಿರಿಯರ ಮೇಲೆ ನನಗೆ ಗೌರವವಿದೆ, ಕನ್ನಡಕ್ಕೊಂದು ರಾಜ್ಯ ಬೇಕೇ ಬೇಕಿತ್ತು. ಆದರೆ ಗೆರೆಯ ಎರಡೂ ಬದಿಗೆ ಸಿಕ್ಕಿಕೊಂಡವರ ಮನೆಮಾತಿಗೆ ಮನೆಯ ಹೊರಗೆ ಕೆಲಸವಿಲ್ಲದಂತಾಯಿತು ಎಂಬುದೂ ಅಷ್ಟೇ ನಿಜ.

ಹಾಗೆ ಆಗಬಾರದೆಂದು ಸಂವಿಧಾನ ಎಚ್ಚರ ವಹಿಸಿತ್ತು. ಅದೇ 1956ರ ಏಳನೇ ತಿದ್ದುಪಡಿ 350–ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ರಾಜ್ಯ ಒದಗಿಸಬೇಕು. ಸಾಂಗಲಿ ಜಿಲ್ಲೆಯಲ್ಲಿ, ಮುಖ್ಯವಾಗಿ ಜತ್ತ ತಾಲೂಕಿನಲ್ಲಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಈಗಲೂ ಇವೆ. ಅಲ್ಲಿಯ ಕನ್ನಡ ಶಾಲೆಯ ಪಠ್ಯಪುಸ್ತಕವನ್ನು ಮಹಾರಾಷ್ಟ್ರ ಸರಕಾರದ ಬಾಲಭಾರತಿ ಸಂಸ್ಥೆ ಪುಣೆಯಿಂದ ಕನ್ನಡದಲ್ಲೇ ಅಚ್ಚು ಮಾಡಿ ಕಳಿಸುತ್ತದೆ. ಇದು ಸಣ್ಣ ಮಾತಲ್ಲ. ಕರ್ನಾಟಕದಲ್ಲಿ ಮರಾಠಿ ಶಾಲೆಗಳಿಗೂ ನಮ್ಮ ಸರಕಾರ ಹೀಗೆಯೇ ಪುಸ್ತಕ ಕೊಡುತ್ತದೆ. ಇದನ್ನು ಎರಡೂ ಕಡೆಯ ಹೋರಾಟಗಾರರು ಹೇಳುವುದೇ ಇಲ್ಲ.

ಕೊರತೆ ಬಂದಿರುವುದು ಪುಸ್ತಕ ಹಿಡಿದು ಪಾಠ ಹೇಳುವವರದು. 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಕೇರಳದ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಮಲಯಾಳ ಮಾತ್ರ ಬಲ್ಲ ಶಿಕ್ಷಕರು ಬಂದಾಗ ಮಕ್ಕಳು, ಪೋಷಕರು ಬೀದಿಗಿಳಿದದ್ದು ನಮಗೆ ನೆನಪಿದೆ. ಜತ್ತಕ್ಕೆ ಬಂದ ಶಿಕ್ಷಕರನ್ನು ದೂರಲು ನನಗೆ ಮನಸ್ಸು ಬಾರದು. ಆದೇಶ ಬಂದ ಊರಿಗೆ ಹೋದವರು ಅವರು. ಒಂದನೇ ತರಗತಿಯ ಮಗುವಿನ ಮುಂದೆ ನಿಂತು ತನಗೇ ಓದಲು ಬಾರದ ಪುಸ್ತಕ ಬಿಚ್ಚುವ ಸಂಕಟ ಅವರದೂ ಹೌದು. ಮಗುವಿನದು ಅದಕ್ಕಿಂತ ದೊಡ್ಡದು. ಊರಿನ ದೊಡ್ಡವರು ಎರಡು ಭಾಷೆ ಆಡುತ್ತಾರೆ, ಸರಿ, ಆದರೆ ಆರು ವರ್ಷದ ಮಗುವಿಗೆ ಬರುವುದು ಅವ್ವನ ಮಾತು ಒಂದೇ. ಎರಡನೆಯದನ್ನು ಅದು ಓಣಿಯಲ್ಲಿ, ಅಂಗಡಿಯಲ್ಲಿ, ಆಟದಲ್ಲಿ ತಾನಾಗಿಯೇ ಕಲಿತುಕೊಳ್ಳುತ್ತದೆ, ಅದಕ್ಕೆ ಈ ಸೀಮೆಯೇ ಸಾಕ್ಷಿ. ಅಕ್ಷರ ಕಲಿಯುವ ಹೊತ್ತಿನಲ್ಲಿ ಮನೆಮಾತನ್ನು ಕಸಿದುಕೊಂಡರೆ ಎರಡೂ ಅರೆಬರೆಯಾಗುತ್ತವೆ.

2015ರಲ್ಲಿ ಕರ್ನಾಟಕ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ ಮಾಡಿತು, 2020ರಲ್ಲಿ ಮಹಾರಾಷ್ಟ್ರ ಮರಾಠಿಯನ್ನು ಕಡ್ಡಾಯ ಮಾಡಿತು. ನಾಡಿನ ಭಾಷೆ ಎಲ್ಲರಿಗೂ ಬರಲಿ, ನನ್ನ ತಕರಾರಿಲ್ಲ. ಲಿಂಗನೂರಿನಲ್ಲಿ ಬಾಳುವವನಿಗೆ ಮರಾಠಿ ಬೇಕು, ನಿಪ್ಪಾಣಿಯಲ್ಲಿ ಬಾಳುವವನಿಗೆ ಕನ್ನಡ ಬೇಕು. ನಾನು ಕೇಳುವುದು ಕಡ್ಡಾಯವಿಲ್ಲದ ಎರಡನೆಯ ಭಾಷೆಯ ಬಗ್ಗೆ. ಸಾಂಗಲಿ ಜಿಲ್ಲಾ ಪರಿಷತ್ತು ಗಡಿಯ ತಾಲೂಕುಗಳಿಗೆ ಶಿಕ್ಷಕರನ್ನು, ಆರೋಗ್ಯ ಸಹಾಯಕಿಯರನ್ನು, ತಲಾಠಿಗಳನ್ನು ಆರಿಸುವಾಗ ಕನ್ನಡವೂ ಬಲ್ಲವರಿಗೆ ಹೆಚ್ಚಿನ ಅಂಕ ಕೊಡಬಹುದು. ಬೆಳಗಾವಿ ಜಿಲ್ಲಾಡಳಿತ ಮರಾಠಿ ಬಲ್ಲವರಿಗೆ ಹಾಗೆಯೇ ಮಾಡಬಹುದು. ಇದಕ್ಕೆ ಸುಪ್ರೀಂ ಕೋರ್ಟಿನಲ್ಲಿರುವ ಗಡಿ ದಾವೆ ಮುಗಿಯುವವರೆಗೆ ಕಾಯಬೇಕಿಲ್ಲ. ಮಿರಜಿನ ಆಸ್ಪತ್ರೆಗಳು ಎರಡು ಮಾತು ಬಲ್ಲ ಸಿಬ್ಬಂದಿಗೆ ಸಂಬಳದ ಜೊತೆ ಒಂದಿಷ್ಟು ಭತ್ಯೆ ಕೊಟ್ಟರೆ ಆ ವಿದ್ಯೆಗೆ ಬೆಲೆ ಇದೆಯೆಂದು ಹಳ್ಳಿಯ ತಾಯಂದಿರಿಗೆ ತಿಳಿಯುತ್ತದೆ. ಮಗಳು ಮನೆಯಲ್ಲಿ ಕನ್ನಡ ಆಡಿದರೆ ನಾಳೆ ನೌಕರಿಗೆ ಅಡ್ಡಿಯಾದೀತೆಂದು ಅಂಜಿ, ಬಾರದ ಮರಾಠಿಯಲ್ಲಿ ಮಗುವನ್ನು ಮುದ್ದಾಡುವ ತಾಯಂದಿರು ಆಗ ತಮ್ಮ ಮಾತಿನಲ್ಲೇ ಜೋಗುಳ ಹಾಡಿಯಾರು.